ಮಾನಸಗಂಗೋತ್ರಿಯ ದಾರಿ ಹಿಡಿದವರು: ವಾಕ್ ಶ್ರವಣ ಸಂಸ್ಥೆಗೆ ಅರವತ್ತು

1966ರ ಜುಲೈ 25ರಂದು ರಾಷ್ಟ್ರಪತಿ ಸರ್ವೇಪಲ್ಲಿ ರಾಧಾಕೃಷ್ಣನ್ ಮೈಸೂರಿಗೆ ಬಂದು ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಕಟ್ಟಡಕ್ಕೆ ಅಡಿಗಲ್ಲು ಇಟ್ಟರು. ಊರು ಅವರಿಗೆ ಹೊಸದೇನಲ್ಲ; 1918ರಿಂದ 1921ರವರೆಗೆ ಅಲ್ಲಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಟ್ಟವರು. ಸುಮಾರು ಅರವತ್ತು ವರ್ಷಗಳ ಮೇಲೆ, 2025ರ ಸೆಪ್ಟೆಂಬರ್ 1ರಂದು, ಅದೇ ಸಂಸ್ಥೆಯ ವಜ್ರಮಹೋತ್ಸವಕ್ಕೆ ಇನ್ನೊಬ್ಬ ರಾಷ್ಟ್ರಪತಿ ದ್ರೌಪದಿ ಮುರ್ಮು ಬಂದರು. ವೇದಿಕೆಯ ಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ನಿಮಗೆ ಕನ್ನಡ ಬರುತ್ತದೆಯೇ ಎಂದು ಕೇಳಿದ್ದೂ, ಅದು ನನ್ನ ತಾಯ್ನುಡಿಯಲ್ಲ, ಸ್ವಲ್ಪ ಸ್ವಲ್ಪವಾಗಿ ಕಲಿಯುತ್ತೇನೆ ಎಂಬ ಅರ್ಥದಲ್ಲಿ ಅವರು ಉತ್ತರಿಸಿದ್ದೂ ಮರುದಿನದ ಪತ್ರಿಕೆಗಳಲ್ಲಿ ಸಂಸ್ಥೆಯ ಸುದ್ದಿಗಿಂತ ದೊಡ್ಡದಾಗಿ ಬಂದವು. ಕನ್ನಡ ಬಾರದ, ಯಾವ ಭಾಷೆಯೂ ಬಾರದ ಮಕ್ಕಳಿಗೆ ಮಾತು ಕಲಿಸುವುದನ್ನೇ ಅರವತ್ತು ವರ್ಷ ಕೆಲಸ ಮಾಡಿಕೊಂಡ ಸಂಸ್ಥೆಯ ಅಂಗಳದಲ್ಲಿ ಆ ಪ್ರಶ್ನೆ ಬಂದದ್ದು ಕಾಕತಾಳೀಯವೇ ಇರಬೇಕು.

ನಮ್ಮೂರು ಬಿಡದಿಯ ಈ ಸ್ಮರಣ ಸಂಚಿಕೆಯಲ್ಲಿ ಮೈಸೂರಿನ ಸಂಸ್ಥೆಗೇಕೆ ಜಾಗ ಎಂದು ಕೇಳುವವರಿದ್ದಾರೆ. ನಮ್ಮೂರಿನಿಂದ ಬೆಂಗಳೂರು ಮೂವತ್ತು ಚಿಲ್ಲರೆ ಕಿಲೋಮೀಟರು, ಮೈಸೂರು ನೂರ ಹತ್ತರ ಹತ್ತಿರ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯಿದೆ, ನಿಮ್ಹಾನ್ಸ್‌ನಲ್ಲಿ ವಾಕ್ ಮತ್ತು ಶ್ರವಣ ವಿಭಾಗವಿದೆ, ಹೆಣ್ಣೂರು ರಸ್ತೆಯಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆಯಿದೆ. ಆದರೂ ಮಗುವಿಗೆ ಎರಡೂವರೆ ವರ್ಷವಾಯಿತು, ಅಮ್ಮ ಅನ್ನುತ್ತಿಲ್ಲ ಎಂದಾಗ ಬಿಡದಿ, ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರದ ಕಡೆ ಯಾರಾದರೂ ಒಬ್ಬರು ‘ಮೈಸೂರಿಗೆ ಕರ್ಕೊಂಡ್ ಹೋಗಿ, ಸ್ಪೀಚ್ ಅಂಡ್ ಹಿಯರಿಂಗಿಗೆ’ ಎನ್ನುತ್ತಾರೆ. ಆ ಹೆಸರು ನಮ್ಮ ಕಡೆಗೆ ಜಾಹೀರಾತಿನಿಂದ ಬಂದದ್ದಲ್ಲ. ಹೋಗಿ ಬಂದವರ ಬಾಯಿಂದ ಬಂದದ್ದು.

ಸಂಸ್ಥೆ ಹುಟ್ಟುವ ಮೊದಲೂ ಮೈಸೂರಿಗೆ ಈ ವಿಷಯದಲ್ಲಿ ಒಂದು ಹಿನ್ನೆಲೆಯಿತ್ತು. 1901ರಲ್ಲೇ ಅಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಶುರುವಾಗಿತ್ತು. ಅದರ ಹಿಂದೆ ಎಂ. ಶ್ರೀನಿವಾಸರಾಯರ ಶ್ರಮವಿತ್ತು. ಮುಂಬೈ, ಕಲ್ಕತ್ತೆಗಳನ್ನು ಬಿಟ್ಟರೆ ಇಂಥ ಶಾಲೆ ದೇಶದಲ್ಲೇ ಅಪರೂಪವಾಗಿದ್ದ ಕಾಲ. ಆದರೆ ಶಾಲೆಗೆ ಬರುವ ಹೊತ್ತಿಗೆ ಮಗುವಿಗೆ ಆರೇಳು ವರ್ಷ. ಅದಕ್ಕೆ ಎಷ್ಟು ಕೇಳುತ್ತದೆ, ಯಾವ ಸ್ವರ ಕೇಳುತ್ತದೆ, ಯಾವುದು ಕೇಳುವುದಿಲ್ಲ ಎಂದು ಅಳೆಯುವವರು ಯಾರೂ ಇರಲಿಲ್ಲ. ಹಳ್ಳಿಗಳಲ್ಲಂತೂ ಪರೀಕ್ಷೆಯೆಂದರೆ ಮಗುವಿನ ಬೆನ್ನ ಹಿಂದೆ ನಿಂತು ತಟ್ಟೆ ಬಡಿಯುವುದು. ನೆಲದ ಅದುರಿಗೋ, ನೆರಳು ಸರಿದದ್ದಕ್ಕೋ ಮಗು ತಿರುಗಿದರೆ ‘ಕಿವಿ ಚೆನ್ನಾಗೇ ಇದೆ, ಮಾತು ತಡ ಅಷ್ಟೆ, ಅವರ ಮಾವನಿಗೂ ಹಂಗೇ ಇತ್ತು’ ಎಂದು ತೀರ್ಪು. ನಾಲಿಗೆ ದಪ್ಪವಿದೆಯೆಂದು ಬಜೆ ತೇಯ್ದು ನೆಕ್ಕಿಸುವುದು, ಸೋರುವ ಕಿವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವುದು ಇಂದಿಗೂ ನಿಂತಿಲ್ಲ. ಬಜೆಯಿಂದ ನಷ್ಟವಾಗುವುದು ಹೆಚ್ಚಾಗಿ ಕಾಲ. ಎಣ್ಣೆ ಹಾಗಲ್ಲ, ತಮಟೆ ತೂತಾಗಿರುವ ಕಿವಿಗೆ ಅದು ನೇರ ಕೇಡು.

1965ರಲ್ಲಿ ಕೇಂದ್ರದ ಆರೋಗ್ಯ ಸಚಿವಾಲಯದ ಹಣದಿಂದ ಮೈಸೂರಿನಲ್ಲಿ ಒಂದು ಸಂಸ್ಥೆ ಪ್ರಾರಂಭವಾಯಿತು. ಮೊದಲ ಹೆಸರು ಇನ್‌ಸ್ಟಿಟ್ಯೂಟ್ ಆಫ್ ಲೋಗೋಪೀಡಿಕ್ಸ್. ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ ಇದೇ ಹೆಸರಿನ ಸಂಸ್ಥೆ ಮೂವತ್ತು ವರ್ಷದಿಂದ ನಡೆಯುತ್ತಿತ್ತು. ಹೆಸರು ಬಾಯಿಗೆ ಹೊರಳುತ್ತಿರಲಿಲ್ಲ, ಬಹಳ ದಿನ ಉಳಿಯಲೂ ಇಲ್ಲ. 1966ರ ಅಕ್ಟೋಬರ್ 10ರಂದು ಸ್ವಾಯತ್ತ ಸಂಘವಾಗಿ ನೋಂದಣಿಯಾಯಿತು. ಮೊದಲಿಗೆ ಊರೊಳಗೆ ಬಾಡಿಗೆ ಕಟ್ಟಡ. ಆಮೇಲೆ ಜಯಚಾಮರಾಜ ಒಡೆಯರು ಕೊಟ್ಟ ಜಾಗದಲ್ಲಿ, ಮಾನಸಗಂಗೋತ್ರಿಯ ನೈಮಿಷಂ ಆವರಣದಲ್ಲಿ, ಸ್ವಂತ ಮನೆ. ಡಾ. ಬಿ.ಎಂ. ರಾವ್ ಮೊದಲ ನಿರ್ದೇಶಕರು. ವಾಕ್ ಶ್ರವಣ ವಿದ್ಯೆಗೆ ದೇಶದಲ್ಲಿ ಪದವಿ ತರಗತಿ ಶುರುವಾದದ್ದು ಮೈಸೂರಿನಲ್ಲಿ ಮತ್ತು ಮುಂಬೈಯ ನಾಯರ್ ಆಸ್ಪತ್ರೆಯಲ್ಲಿ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಇವತ್ತು ದೇಶದ ಯಾವ ಮೂಲೆಯ ಆಸ್ಪತ್ರೆಗೆ ಹೋದರೂ ಅಲ್ಲಿನ ಆಡಿಯಾಲಜಿಸ್ಟ್ ಮೈಸೂರಿನಲ್ಲಿ ಓದಿದವರೋ, ಮೈಸೂರಿನಲ್ಲಿ ಓದಿದವರ ಬಳಿ ಕಲಿತವರೋ ಆಗಿರುವ ಸಾಧ್ಯತೆಯೇ ಹೆಚ್ಚು.

ಮುಂದೆ ನಿರ್ದೇಶಕರಾದವರಲ್ಲಿ ಒಬ್ಬರ ಹೆಸರು ಕನ್ನಡ ರಂಗಭೂಮಿಯವರಿಗೂ ಗೊತ್ತು: ನ. ರತ್ನ. ಅಸಂಗತ ನಾಟಕಗಳನ್ನು ಬರೆದ, ಮೈಸೂರಿನ ಸಮತೆಂತೋ ತಂಡದೊಂದಿಗೆ ಬೆಳೆದ ರತ್ನ ಅವರೇ ಈ ವಾಕ್ ವಿಜ್ಞಾನಿ ರತ್ನ. ಮಾತು ಅರ್ಥ ಕಳೆದುಕೊಳ್ಳುವುದನ್ನು ರಂಗದ ಮೇಲೆ ತಂದವರೇ ಹಗಲು ಹೊತ್ತು ಮಾತು ಬಾರದ ಮಕ್ಕಳ ಎದುರು ಕೂರುತ್ತಿದ್ದರು. ಯಾರಾದರೂ ನಾಟಕ ವಿಮರ್ಶಕರು ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ನನ್ನ ಕೈಗೆ ಮೀರಿದ ಕೆಲಸ.

ಸಂಸ್ಥೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕಟ್ಟಡ, ಕೋರ್ಸು, ಪ್ರಶಸ್ತಿಗಳ ಪಟ್ಟಿ ಹಾಕುತ್ತಾರೆ. ನನಗೆ ದೊಡ್ಡದಾಗಿ ಕಾಣುವ ಕೆಲಸ ಇನ್ನೊಂದು. ಕಿವಿಯ ಪರೀಕ್ಷೆಯಲ್ಲಿ ಎರಡು ಭಾಗ. ಒಂದು, ಯಂತ್ರದಿಂದ ‘ಪೀಂ’ ಎಂಬ ಶುದ್ಧ ಸ್ವರ ಬಿಟ್ಟು, ಎಷ್ಟು ಡೆಸಿಬಲ್‌ಗೆ ಕೇಳಿಸಿತು ಎಂದು ಗುರುತು ಹಾಕುವುದು. ಇದಕ್ಕೆ ಭಾಷೆ ಬೇಡ. ಇನ್ನೊಂದು, ಮಾತು ಎಷ್ಟು ತಿಳಿಯುತ್ತದೆ ಎಂದು ನೋಡುವುದು. ಇದಕ್ಕೆ ಪದಗಳು ಬೇಕು. 1960ರ ದಶಕದಲ್ಲಿ ಇಲ್ಲಿ ಕೈಗೆ ಸಿಗುತ್ತಿದ್ದ ಪದಪಟ್ಟಿಗಳು ಹೆಚ್ಚಾಗಿ ಇಂಗ್ಲಿಷಿನವು. ಇಂಗ್ಲಿಷಿನಲ್ಲಿ ವ್ಯಂಜನದಲ್ಲಿ ಮುಗಿಯುವ ಒಂದೇ ಉಚ್ಚಾರಾಂಶದ ಪದಗಳು ಬೇಕಾದಷ್ಟು ಸಿಗುತ್ತವೆ. ಕನ್ನಡದ ಪದ ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತದೆ, ಎರಡಕ್ಷರಕ್ಕೆ ಕಡಿಮೆಯಿಲ್ಲದಂತೆ ಇರುತ್ತದೆ: ಮನೆ, ಹಸು, ಕಾಗೆ, ಎಲೆ. ಹಾಗಾಗಿ ಇಂಗ್ಲಿಷ್ ಪಟ್ಟಿಯ ಅಚ್ಚಿಗೆ ಕನ್ನಡ ಸುರಿದರೆ ಪರೀಕ್ಷೆಯೇ ಸುಳ್ಳಾಗುತ್ತದೆ. ಮಾಗಡಿಯ ಅಜ್ಜಿಯ ಕಿವಿ ಎಷ್ಟು ಕೆಟ್ಟಿದೆ ಎಂದು ತಿಳಿಯಬೇಕಾದರೆ ಅಜ್ಜಿ ಬಳಸುವ ಪದಗಳನ್ನೇ, ಅವಳ ಮಾತಿನಲ್ಲಿ ಯಾವ ಧ್ವನಿ ಎಷ್ಟು ಸಲ ಬರುತ್ತದೋ ಅದೇ ಪ್ರಮಾಣದಲ್ಲಿ ಜೋಡಿಸಬೇಕು.

ಈ ಕೆಲಸವನ್ನು ಮೈಸೂರಿನವರು ಕುಳಿತು ಮಾಡಿದರು. 1972ರಲ್ಲಿ ಬಾಬು, ರತ್ನ ಮತ್ತು ಬೆಟ್ಟಗೇರಿ ಅವರ ಕನ್ನಡ ಉಚ್ಚಾರಣಾ ಪರೀಕ್ಷೆ ಬಂತು; ಚಿತ್ರ ತೋರಿಸಿ ಮಗುವಿನ ಬಾಯಲ್ಲಿ ಹೆಸರು ಹೇಳಿಸಿ, ಯಾವ ಅಕ್ಷರ ತಪ್ಪುತ್ತದೆ ಎಂದು ಹಿಡಿಯುವ ವಿಧಾನ. 1974ರಲ್ಲಿ ಮಾಯಾದೇವಿಯವರು ಭಾರತದ ಹಲವು ಭಾಷೆಗಳಿಗೆ ಸಮಾನವಾದ ಉಚ್ಚಾರಾಂಶಗಳನ್ನು ಆರಿಸಿ ಒಂದು ಪರೀಕ್ಷೆ ಕಟ್ಟಿದರು. 1976ರಲ್ಲಿ ರಾಜಶೇಖರ್ ಅವರದು ಕನ್ನಡದ ಚಿತ್ರ ಪರೀಕ್ಷೆ. 2005ರಲ್ಲಿ ಆಶಾ ಯತಿರಾಜ್ ಮತ್ತು ವಿಜಯಲಕ್ಷ್ಮಿಯವರು ಧ್ವನಿ ಸಮತೋಲದ ಕನ್ನಡ ಪದಪಟ್ಟಿ ಸಿದ್ಧಪಡಿಸಿದರು. ಕನ್ನಡ ನಾಡಿನ ಕ್ಲಿನಿಕ್ಕುಗಳಲ್ಲಿ ಹೆಡ್‌ಫೋನ್ ಹಾಕಿಸಿ ‘ನಾನು ಹೇಳಿದ್ದನ್ನ ಹಂಗೇ ಹೇಳಿ’ ಎಂದು ಕೇಳಿಸುವ ಪದಗಳ ಹಿಂದೆ ಈ ಶ್ರಮವಿದೆ. ಕನ್ನಡದ ಕೆಲಸವೆಂದು ಯಾವ ರಾಜ್ಯೋತ್ಸವದ ಭಾಷಣದಲ್ಲೂ ಇದರ ಹೆಸರು ಕೇಳಿದ ನೆನಪಿಲ್ಲ.

ಇದರಿಂದ ಪ್ರಯೋಜನವೇನೆಂದರೆ, ವಯಸ್ಸಾದವರಿಗೆ ಮೊದಲು ಹೋಗುವುದು ಹೆಚ್ಚಿನ ಆವರ್ತನದ ಧ್ವನಿಗಳು: ಸ, ಶ, ತ. ಸೊಪ್ಪು ಎಂದರೆ ಉಪ್ಪು ತಂದುಕೊಡುತ್ತಾರೆ. ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಮನೆಯವರು ‘ಬೇಕಾದ್ದು ಮಾತ್ರ ಕೇಳುತ್ತೆ ಇವರಿಗೆ’ ಎಂದು ರೇಗುತ್ತಾರೆ. ತುಟಿ ನೋಡಿ ತಿಳಿದುಕೊಳ್ಳಲಿ ಎಂದರೆ ಪಟ್ಟೆ, ಬಟ್ಟೆ, ಮಟ್ಟೆ ಮೂರೂ ತುಟಿಯ ಮೇಲೆ ಒಂದೇ. ಯಾವ ಧ್ವನಿ ಹೋಗಿದೆ ಎಂದು ಕನ್ನಡದಲ್ಲೇ ಅಳೆದರೆ ಶ್ರವಣ ಸಾಧನವನ್ನು ಆ ಧ್ವನಿಗೆ ತಕ್ಕಂತೆ ಹೊಂದಿಸಬಹುದು. ಇಲ್ಲದಿದ್ದರೆ ಅದು ಎಲ್ಲವನ್ನೂ ಜೋರು ಮಾಡುವ ಡಬ್ಬಿ. ಬಿಡದಿಯ ಹೋಟೆಲಿನ ಗಲಾಟೆಯಲ್ಲಿ ಲೋಟ ಇಟ್ಟ ಸದ್ದೂ ಸಿಡಿಲಿನಂತೆ ಬಡಿಯುತ್ತದೆ, ಮೂರನೇ ದಿನ ಅದು ಬೀರು ಸೇರುತ್ತದೆ.

ಮಕ್ಕಳ ವಿಷಯ ಬೇರೆ. ಅಲ್ಲಿ ಕೆಟ್ಟದ್ದನ್ನು ಸರಿಪಡಿಸುವ ಮಾತಿಲ್ಲ. ಇನ್ನೂ ಹುಟ್ಟದ ಭಾಷೆಯನ್ನು ಹುಟ್ಟಿಸಬೇಕು. ಮಿದುಳು ಭಾಷೆಯನ್ನು ಸುಲಭವಾಗಿ ಹಿಡಿಯುವ ವರ್ಷಗಳು ಮೊದಲ ಮೂರು ನಾಲ್ಕು. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಸಾಧನ ಮತ್ತು ತರಬೇತಿ ಎಂಬುದು ಈಗ ಜಗತ್ತೆಲ್ಲ ಒಪ್ಪಿರುವ ಲೆಕ್ಕ. ನಮ್ಮ ಕಡೆಯ ಮಕ್ಕಳು ಎರಡು, ಮೂರು ವರ್ಷಕ್ಕೆ ಬರುತ್ತಿದ್ದರು. ಬಂದ ಮೇಲೆ ಕೆಲಸ ಯಾರದು? ವಾಕ್ ತಜ್ಞರು ದಿನಕ್ಕೆ ಮುಕ್ಕಾಲು ಗಂಟೆ ಕೂರಿಸಿಕೊಳ್ಳಬಲ್ಲರು. ಉಳಿದ ಹೊತ್ತೆಲ್ಲ ತಾಯಿಯದು. ಸಂಸ್ಥೆಯ ಪೂರ್ವಪ್ರಾಥಮಿಕ ತರಗತಿಗಳಲ್ಲಿ ಮಗುವಿನ ಜೊತೆ ತಾಯಿಯೂ ಬಂದು ಕಲಿಯಬೇಕೆಂಬ ಪದ್ಧತಿ ಬೆಳೆದದ್ದು ಈ ತಿಳಿವಿನಿಂದಲೇ. ಮೈಸೂರಿನಲ್ಲೇ ಕಿವುಡ ಮಕ್ಕಳ ತಂದೆತಾಯಂದಿರು ಕೂಡಿ ಕಟ್ಟಿಕೊಂಡ ಸಂಘ, ರೋಟರಿಯ ನೆರವಿನೊಂದಿಗೆ, ತಾಯಿಗೂ ಮಗುವಿಗೂ ಒಟ್ಟಿಗೆ ಪಾಠ ಹೇಳುವ ಶಾಲೆಯನ್ನೇ ನಡೆಸಿಕೊಂಡು ಬಂದಿದೆ.

ಹೀಗೆ ಬಂದ ತಾಯಂದಿರು ಮೈಸೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ವರ್ಷಗಟ್ಟಲೆ ಇರುತ್ತಾರೆ. ಗಂಡ ಊರಿನಲ್ಲಿ ರೇಷ್ಮೆ ಹುಳು ನೋಡಿಕೊಂಡೋ, ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮಾಡಿಕೊಂಡೋ ಉಳಿಯುತ್ತಾನೆ. ದೊಡ್ಡ ಮಗು ಅಜ್ಜಿಯ ಹತ್ತಿರ. ಕಲಿಯಬೇಕಾದದ್ದು ಕೇಳಲು ಸರಳ: ಮಗುವಿನ ಪಕ್ಕ, ಸಾಧನ ಹಾಕಿದ ಕಿವಿಯ ಹತ್ತಿರ ಕುಳಿತು, ಕಿರುಚದೆ, ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಲೇ ಇರಬೇಕು. ಅವರೆಕಾಯಿ ಬಿಡಿಸುವಾಗ ‘ಈ ಕಾಯಿ ಸೊಗಡಾಗಿದೆ, ಇದರಲ್ಲಿ ಹುಳ ಇದೆ, ಇದನ್ನ ಎಸಿ’ ಎಂದು ಹೇಳಬೇಕು. ಸ್ನಾನ ಮಾಡಿಸುವಾಗ ನೀರು ಬಿಸಿಯೋ ತಣ್ಣಗೋ ಎಂದು ಹೇಳಬೇಕು. ಉತ್ತರ ಬಾರದ ಮಗುವಿನ ಜೊತೆ ತಿಂಗಳುಗಟ್ಟಲೆ ಒಬ್ಬರೇ ಮಾತಾಡುವುದು ಎಂಥ ಕಷ್ಟವೆಂದು ಮಾಡಿದವರಿಗೇ ಗೊತ್ತು. ಸಂಸ್ಥೆಯ ವಾರ್ಷಿಕ ವರದಿಗಳಲ್ಲಿ ಇವರ ದುಡಿಮೆಗೆ ಕಾಲಂ ಇರುವುದಿಲ್ಲ. ಅರವತ್ತು ವರ್ಷದ ಯಶಸ್ಸಿನಲ್ಲಿ ಅರ್ಧವನ್ನಾದರೂ ಅವರ ಹೆಸರಿಗೆ ಬರೆಯಬೇಕೆಂದು ನಾನು ಹೇಳುತ್ತೇನೆ.

ಸಾಧನಗಳೂ ಬದಲಾದವು. ಹಿಂದೆ ಅಂಗಿಯ ಜೇಬಿನಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ, ಅಲ್ಲಿಂದ ಕಿವಿಗೆ ವೈರು. ಮಕ್ಕಳಿಗೆ ಎದೆಯ ಮೇಲೆ ಚೀಲ ಹೊಲಿದು ಕಟ್ಟುತ್ತಿದ್ದರು. ಪೆನ್ಸಿಲ್ ಸೆಲ್ಲು ಎಲ್ಲ ಅಂಗಡಿಯಲ್ಲೂ ಸಿಗುತ್ತಿತ್ತು ಎಂಬುದೊಂದು ಅನುಕೂಲ. ಕಿವಿಯ ಹಿಂದೆ ಕೂರುವ ಸಾಧನ ಬಂದಾಗ ಗುಂಡಿಯಾಕಾರದ ಸೆಲ್ಲು ಹಳ್ಳಿಯಲ್ಲಿ ಸಿಗದೆ ಎಷ್ಟೋ ಸಾಧನಗಳು ಮೂಲೆಗೆ ಬಿದ್ದವು. ಕಿವಿಯ ಅಚ್ಚು ಇನ್ನೊಂದು ತಲೆನೋವು: ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಅಚ್ಚು ಸಡಿಲವಾಗಿ ಸಾಧನ ಕೀಚೆನ್ನುತ್ತದೆ, ಹೊಸ ಅಚ್ಚಿಗೆ ಮತ್ತೆ ಮೈಸೂರು ಬಸ್ಸು. ಈಗ ಆಪರೇಷನ್ ಮಾಡಿ ಒಳಗಿವಿಗೆ ಜೋಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಇದೆ. ಕೇಂದ್ರದ ಅಡಿಪ್ ಯೋಜನೆಯಲ್ಲಿ 2014ರಿಂದ ಇದಕ್ಕೆ ಮಗುವೊಂದಕ್ಕೆ 6 ಲಕ್ಷ ರೂಪಾಯಿಯವರೆಗೆ ನೆರವು ಸಿಗುವಂತಾಯಿತು. ರಾಜ್ಯದ್ದು ಶ್ರವಣ ಸಂಜೀವಿನಿ ಯೋಜನೆ. ಆಪರೇಷನ್ ಆದ ದಿನವೇ ಮಗು ಮಾತಾಡುತ್ತದೆಂದು ನಂಬಿ ಬರುವವರಿದ್ದಾರೆ. ಆಪರೇಷನ್ ಒಂದು ದಿನದ್ದು. ಆಮೇಲೆ ಅದೇ ಅವರೆಕಾಯಿ, ಅದೇ ವರ್ಷಗಟ್ಟಲೆಯ ಮಾತು.

ದೂರವೇ ತೊಡಕು ಎಂದು ಸಂಸ್ಥೆಗೂ ಅರಿವಾಗಿತ್ತು. ಶಿಬಿರಗಳು ಮೊದಲಿನಿಂದ ನಡೆಯುತ್ತಿದ್ದವು. ಶಿಬಿರ ಮುಗಿದ ಮೇಲೆ ಮುಂದೇನು ಎಂಬುದಕ್ಕೆ ಉತ್ತರವಿರಲಿಲ್ಲ. ಆಮೇಲೆ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ, ಯಳಂದೂರಿನ ಗುಂಬಳ್ಳಿಯಂಥ ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಖಾಯಂ ಸೇವಾ ಕೇಂದ್ರ ತೆರೆದರು. ಆಶಾ ಕಾರ್ಯಕರ್ತೆಯರಿಗೆ ತರಬೇತಿ, ಹೆರಿಗೆ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ತಪಾಸಣೆ, ದೂರದವರಿಗೆ ವಿಡಿಯೊ ಮೂಲಕ ಪಾಠ ಸೇರಿಕೊಂಡವು. ಹುಟ್ಟಿದ ಮಗುವಿನ ಕಿವಿಗೆ ಪುಟ್ಟ ಬಿರಡೆ ಇಟ್ಟು ಮೃದುವಾದ ಟಿಕ್ ಟಿಕ್ ಸದ್ದು ಬಿಟ್ಟರೆ, ಒಳಗಿವಿಯಿಂದ ಮಾರ್ದನಿ ಬರುತ್ತದೆ. ಬಾರದಿದ್ದರೆ ಮುಂದಿನ ಪರೀಕ್ಷೆ. ಮಗು ನಿದ್ದೆಯಲ್ಲಿದ್ದರೂ ನಿಮಿಷಗಳ ಕೆಲಸ. ಇದು ಬಿಡದಿಯಲ್ಲೋ ಮಾಗಡಿಯಲ್ಲೋ ಹುಟ್ಟುವ ಪ್ರತಿ ಮಗುವಿಗೂ ಸಿಗಬೇಕು. 2006-07ರಲ್ಲಿ ಶುರುವಾದ ರಾಷ್ಟ್ರೀಯ ಕಿವುಡುತನ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮ, 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಎರಡೂ ಕಾಗದದಲ್ಲಿ ಇದನ್ನೇ ಹೇಳುತ್ತವೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ವಾಡಿಕೆ ಇನ್ನೂ ಇರುವ ನಮ್ಮ ಸೀಮೆಯಲ್ಲಿ ವಂಶದಿಂದ ಬರುವ ಕಿವುಡು ಹೆಚ್ಚು. ಹಾಗಾಗಿ ಅವಸರವೂ ಹೆಚ್ಚು.

ಹಕ್ಕಿನ ಮಾತಿಗೆ ಬಂದರೆ ಕಾನೂನು ಡೆಸಿಬಲ್‌ನಲ್ಲಿ ಮಾತಾಡುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 70 ಡೆಸಿಬಲ್ ನಷ್ಟವಿದ್ದರೆ ಕಿವುಡು, 60ರಿಂದ 70 ಇದ್ದರೆ ಮಂದ ಶ್ರವಣ. ಇವರಿಗೆ ಸರ್ಕಾರಿ ಕೆಲಸದಲ್ಲಿ ಶೇ. 1 ಮೀಸಲು. 55 ಡೆಸಿಬಲ್ ಕಳೆದುಕೊಂಡು ಗ್ರಾಮಸಭೆಯಲ್ಲಿ ಏನೂ ತಿಳಿಯದೆ ಕೂತವನು, ಒಂದು ಕಿವಿ ಪೂರ್ತಿ ಹೋದವನು ಲೆಕ್ಕಕ್ಕಿಲ್ಲ. ಪ್ರಯಾಣದ ರಿಯಾಯಿತಿ ಇನ್ನೂ ಸೋಜಿಗ. ರೈಲಿನಲ್ಲಿ ಅರ್ಧ ದರ ಸಿಗುವುದು ಕಿವಿಯೂ ಕೇಳದ, ಮಾತೂ ಬಾರದ, ಎರಡೂ ಕೊರತೆ ಪೂರ್ತಿ ಇರುವವರಿಗೆ. ಹತ್ತು ವರ್ಷ ಒದ್ದಾಡಿ ಮಾತು ಕಲಿತ ಹುಡುಗ ಆ ಕಾರಣಕ್ಕೇ ಪೂರ್ತಿ ಟಿಕೆಟ್ ತೆಗೆಯಬೇಕು. ಕೆಎಸ್ಆರ್‌ಟಿಸಿಯ ಅಂಗವಿಕಲರ ಪಾಸು ವಾಸಸ್ಥಳದಿಂದ 100 ಕಿಲೋಮೀಟರಿನವರೆಗೆ. ರಾಮನಗರ, ಚನ್ನಪಟ್ಟಣದವರು ಅದರಲ್ಲಿ ಮೈಸೂರು ಮುಟ್ಟುತ್ತಾರೆ. ಬಿಡದಿಯವರಿಗೆ ಹತ್ತು ಕಿಲೋಮೀಟರು ಕಡಿಮೆ ಬೀಳುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಿಯ ಪ್ರಯಾಣವಾದರೂ ಉಚಿತವಾಗಿದೆ.

ಸನ್ನೆ ಭಾಷೆಯ ವಿಷಯದಲ್ಲಿ ಸಂಸ್ಥೆಯ ಒಲವು ಬಹುಕಾಲ ಮಾತಿನ ಕಡೆಗೇ ಇತ್ತು. ಕಾರಣವೂ ಇತ್ತು: ಬರುವ ಮಕ್ಕಳಲ್ಲಿ ಬಹುಪಾಲು ಕೇಳುವ ತಂದೆತಾಯಿಯ ಮಕ್ಕಳು, ಮನೆಯವರಿಗೆ ಬೇಕಾದದ್ದು ಮಾತು. ಆದರೆ ತಡವಾಗಿ ಬಂದು ಮಾತು ಪೂರ್ತಿ ಹಿಡಿಯಲಾಗದ ಮಗು ಸನ್ನೆಯನ್ನೂ ಕಲಿಯದೆ ಎರಡರ ನಡುವೆ ಉಳಿದದ್ದೂ ಉಂಟು. ಕಿವುಡ ಸಮುದಾಯದವರು ಇದನ್ನು ಸಿಟ್ಟಿನಿಂದಲೇ ಹೇಳುತ್ತಾರೆ, ಅವರ ಸಿಟ್ಟು ನ್ಯಾಯವಾದದ್ದು. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಗೆಂದೇ ಕೇಂದ್ರ ಸಂಸ್ಥೆ ಬಂತು, 2020ರ ಶಿಕ್ಷಣ ನೀತಿ ಆ ಭಾಷೆಯನ್ನು ಹೆಸರಿಸಿತು. ಈ ಸಮುದಾಯ ಹೋರಾಡಿಯೇ ಪಡೆದದ್ದೂ ಉಂಟು; ವಾಹನ ಚಾಲನೆಯ ಪರವಾನಗಿ ಅವರಿಗೆ ಸಿಕ್ಕಿದ್ದು ಕೋರ್ಟಿನಿಂದ: 2011ರಲ್ಲಿ ರಾಷ್ಟ್ರೀಯ ಕಿವುಡರ ಸಂಘ ಹೂಡಿದ್ದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್, ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಲೈಸೆನ್ಸ್ ನಿರಾಕರಿಸುವಂತಿಲ್ಲ ಎಂದಿತು.

ಇನ್ನು ನಮ್ಮೂರಿನ ಕಡೆಯದೇ ಒಂದು ಸಂಗತಿ. ಹುಟ್ಟಿನಿಂದ ಬಂದ ಕಿವುಡಿನ ಬಗ್ಗೆ ಮಾತಾಡಿದಷ್ಟು, ದುಡಿದು ಗಳಿಸಿದ ಕಿವುಡಿನ ಬಗ್ಗೆ ನಾವು ಮಾತಾಡಿಲ್ಲ. ಕನಕಪುರದ ಪವರ್‌ಲೂಮು, ರಾಮನಗರದ ರೇಷ್ಮೆ ಹುರಿ ಹಾಕುವ ಕಾರ್ಖಾನೆ, ಮಾಗಡಿ ಕಡೆಯ ಕಲ್ಲುಕ್ವಾರಿ, ಬಿಡದಿಯ ಪ್ರೆಸ್ ಶಾಪು ಎಲ್ಲವೂ ಸದ್ದಿನ ಜಾಗಗಳೇ. ಎಂಟು ಗಂಟೆಯ ಪಾಳಿಗೆ 90 ಡೆಸಿಬಲ್ ಮಿತಿಯೆಂದು ಕಾರ್ಖಾನೆ ನಿಯಮಗಳು ಹೇಳುತ್ತವೆ. ಮಗ್ಗದ ಮನೆಯಲ್ಲಿ ಅದು ದಾಟುವುದು ಸಾಮಾನ್ಯ. ಸದ್ದು ಮೊದಲು ತಿನ್ನುವುದು 4000 ಹರ್ಟ್ಜ್ ಸುತ್ತಿನ ಶ್ರವಣವನ್ನು. ಆಡಿಯೋಗ್ರಾಂನಲ್ಲಿ ಅಲ್ಲಿ ಒಂದು ತಗ್ಗು ಬೀಳುತ್ತದೆ, ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಒಳಗಿವಿಯ ಕೂದಲುಕೋಶಗಳು ಸತ್ತಿರುತ್ತವೆ, ಮತ್ತೆ ಹುಟ್ಟುವುದಿಲ್ಲ. ಸದ್ದಿನಿಂದಾದ ಶ್ರವಣ ನಷ್ಟ ಕಾನೂನಿನ ಪ್ರಕಾರ ವರದಿ ಮಾಡಲೇಬೇಕಾದ ಕಾಯಿಲೆ. ಅದಕ್ಕೆ ಪರಿಹಾರವೂ ಇದೆ. ಪರಿಹಾರ ಕೇಳಬೇಕಾದರೆ ಕೆಲಸಕ್ಕೆ ಸೇರಿದ ದಿನ ಕಿವಿ ಹೇಗಿತ್ತು ಎಂಬ ದಾಖಲೆ ಬಲು ಮುಖ್ಯ. ದೊಡ್ಡ ಕಾರ್ಖಾನೆಗಳಲ್ಲಿ ಖಾಯಂ ನೌಕರರಿಗೆ ಆ ಪರೀಕ್ಷೆ ನಡೆಯುತ್ತದೆ. ಗುತ್ತಿಗೆಯವನಿಗೆ, ಆರು ಮಗ್ಗ ಇಟ್ಟುಕೊಂಡ ಮನೆಯ ಕೂಲಿಯವನಿಗೆ ಇಲ್ಲ. ಮೈಸೂರಿನ ಸಂಸ್ಥೆಗೆ ಸದ್ದಿನ ಅಧ್ಯಯನ ಹೊಸದಲ್ಲ, ಬೆಂಗಳೂರಿನ ಕಾಲೇಜುಗಳಿಂದ ಪ್ರತಿ ವರ್ಷ ಹೊಸ ಆಡಿಯಾಲಜಿಸ್ಟರು ಹೊರಬರುತ್ತಿದ್ದಾರೆ. ಬಿಡದಿಯ ಆರೋಗ್ಯ ಕೇಂದ್ರದಲ್ಲಿ ಒಂದು ಶಬ್ದನಿರೋಧಕ ಕೋಣೆ, ಒಂದು ಆಡಿಯೋಮೀಟರು, ವಾರಕ್ಕೆರಡು ದಿನ ಒಬ್ಬ ಆಡಿಯಾಲಜಿಸ್ಟ್ ಇದ್ದರೆ ಬೆಳಗ್ಗೆ ಶಿಶುಗಳನ್ನು, ಪಾಳಿ ಬಿಟ್ಟ ಮೇಲೆ ಕಾರ್ಮಿಕರನ್ನು ನೋಡಬಹುದು. ಅಕ್ಕಿಹೆಬ್ಬಾಳಿನಂಥ ಹಳ್ಳಿಯಲ್ಲಿ ಆದದ್ದು ಇಷ್ಟು ಕಾರ್ಖಾನೆಗಳಿರುವ ಊರಿನಲ್ಲಿ ಆಗದಿರಲು ಹಣದ ಕೊರತೆ ಕಾರಣವಾಗಲಾರದು.